ನಾಲ್ಕನೆಯವಳು

ಆ ಪಿಕ್ಚರಿನಲ್ಲಿ ನಾಲ್ಕನೆಯವಳಾಗಿ ಸತ್ತವಳು ನಾನು.
ಬೋಳಾರದ ಮುಚ್ಚಿದ ಹಂಚಿನ ಕಾರ್ಖಾನೆ,
ಗೂಡಿನ ಬಾಯಲ್ಲಿ ಇನ್ನೂ ಬೂದಿ,
ಎದುರಿಗೆ ನೇತ್ರಾವತಿಯಲ್ಲಿ ಮರಳಿನ ದೋಣಿ.
ಅರುವತ್ತು ರೂಪಾಯಿ, ಮಧ್ಯಾಹ್ನ ಬಂಗುಡೆ ಸಾರಿನ ಊಟ.
ಸಾವಿರ ಬೀಡಿ ಕಟ್ಟಿದರೂ ಆಗ ಅಷ್ಟು ಸಿಗುತ್ತಿರಲಿಲ್ಲ.
ಸಾಯುವುದೇ ಲಾಭ ಅಂತ ಕಂಡಿತು.

ಡೈರೆಕ್ಟರು ಬೊನಿಫಾಸ್, ಫಳ್ನೀರಿನ ವೀಡಿಯೋ ಲೈಬ್ರೆರಿಯವ.
ಇಂಗ್ಲಿಷಿನ ಒಂದು ಕ್ಯಾಸೆಟ್ಟನ್ನು
ಟೇಪು ಸವೆಯುವಷ್ಟು ನೋಡಿ
ಕತೆಯನ್ನು ಹಾಗೇ ಇಳಿಸಿಕೊಂಡಿದ್ದ:
ಮುಖವಾಡದವ ಒಬ್ಬ, ಕತ್ತಿ ಒಂದು,
ಹೇಳಿದ ಮಾತು ಕೇಳದ ಹುಡುಗಿಯರು ಆರು.
ಅಲ್ಲಿಯ ಕೆರೆಗೆ ಬದಲು ನಮ್ಮ ಹೊಳೆ.
ಮುಖವಾಡಕ್ಕೆ ಹಾಳೆ;
ಮುಟ್ಟಾಳೆ ಹೊಲಿಯುವ ಐತಪ್ಪಣ್ಣ
ನಗುತ್ತಲೇ ಕಣ್ಣಿಗೆರಡು ತೂತು ಕೊರೆದು ಕೊಟ್ಟ.

ಕೊನೆ ಮಾತ್ರ ಬೊನಿಫಾಸನಿಗೂ ಗೊತ್ತಿರಲಿಲ್ಲ.
ಆ ಕ್ಯಾಸೆಟ್ಟಿನ ಕಡೆಯ ಇಪ್ಪತ್ತು ನಿಮಿಷದ ಮೇಲೆ
ಯಾರೋ ತಮ್ಮ ಮನೆಯ ರೋಸ್ ಹಿಡಿದುಬಿಟ್ಟಿದ್ದರು.
ಮುಖವಾಡಕ್ಕೆ ಅವಳು ಕೈ ಹಾಕಿದ್ದೇ ತಡ
ಚರಕ್ಕನೆ ಗೆರೆ ಬಂದು
ಮದುಮಗಳ ನೆತ್ತಿಯಿಂದ ತೆಂಗಿನ ಹಾಲು ಇಳಿಯುತ್ತಿತ್ತು.
ಕೊಂದವ ಯಾರು? ಯಾಕೆ?
ತಲೆ ಕೆರೆದುಕೊಂಡ, ಹಾಗೇ ಬಿಟ್ಟ.
ನಮ್ಮದರಲ್ಲೂ ಮುಖವಾಡ ತೆಗೆಯುವುದೇ ಇಲ್ಲ.

ರಕ್ತಕ್ಕೆ ಪುನರ್ಪುಳಿ.
ಎರಡು ಬಾಟ್ಲಿ ಶರಬತ್ತು, ಮಂದವಾಗಲು ಸ್ವಲ್ಪ ಮೈದಾ.
ಕುತ್ತಿಗೆಗೆ ಸುರಿದು
"ಉಸಿರು ಬಿಡಬೇಡ ಮಾರಾಯ್ತಿ" ಅಂದರು.
ಬಿಸಿಲೇರಿದ ಹಾಗೆ ಇರುವೆ ಸಾಲು ಬಂತು
ಕಿವಿಯ ಹಿಂದೆ, ರವಿಕೆಯೊಳಗೆ.
ನಾನು ಸತ್ತೇ ಇದ್ದೆ.
ಯಾರೂ ಒಂದು ಕೆಲಸಕ್ಕೆ ಕರೆಯದೆ
ಹಗಲು ಹೊತ್ತು ಆಕಾಶ ನೋಡುತ್ತ ಮಲಗಿದ್ದು
ಅದೇ ಮೊದಲು.

ಕಿರುಚಿದ್ದು ನಾನಲ್ಲ. ನನ್ನದು ಸಾಲದಂತೆ.
ನಿಜಕ್ಕೂ ಹೆದರಿದರೆ ನಮ್ಮ ಮನೆಯ ಹೆಂಗಸರು
ಬಾಯಿಗೆ ಸೆರಗು ತುರುಕಿಕೊಳ್ಳುವುದು;
ಅದು ಮೈಕಿಗೆ ಸಿಗುವುದಿಲ್ಲ.
ಮದ್ರಾಸಿನಲ್ಲಿ ಯಾವಳೋ ಒಬ್ಬಳು ಚಾ ಕುಡಿದು ಬಂದು
ಆರು ಜನರಿಗೂ ಸೇರಿಸಿ ಒಂದೇ ಕಿರುಚು ಕೊಟ್ಟಳು.

ಥಿಯೇಟರಿನಲ್ಲಿ ಮೂರು ದಿನ.
ಆಮೇಲೆ ಕ್ಯಾಸೆಟ್ಟು ಬಿಡುಗಡೆ, ಮುನ್ನೂರು ಪ್ರತಿ.
ಹೊದಿಕೆಯಲ್ಲಿ ನಾವು ಯಾರೂ ಇಲ್ಲ,
ಪರದೇಶದ ಒಬ್ಬಳು ಕಣ್ಣರಳಿಸಿ ನಿಂತಿದ್ದಾಳೆ,
ಕೆಳಗೆ ಕೆಂಪಕ್ಷರದಲ್ಲಿ 'ನಿಜ ಘಟನೆ'.
ದಮ್ಮಾಮಿಗೂ ಒಂದು ಹೋಯಿತಂತೆ
ಮಾವಿನ ಮಿಡಿಯ ಭರಣಿಯ ಜೊತೆ.
ಬಾಡಿಗೆಗೆ ಒಯ್ದವರು ಅರ್ಧ ನೋಡಿ ತಂದಿಟ್ಟರು,
ಹಿಂದೆ ಸುತ್ತುವ ಮರ್ಯಾದೆಯೂ ಇಲ್ಲದೆ.
ಆಟಿಯ ಮಳೆಗೆ ಬೂಷ್ಟು ಹಿಡಿಯಿತು.
ಉಳಿದದ್ದನ್ನು ಬೊನಿಫಾಸ್ ಒರೆಸಿ
ಖಾಲಿ ಕ್ಯಾಸೆಟ್ಟಿನ ದರಕ್ಕೆ ಮಾರಿದ,
ಮದುವೆ ಹಿಡಿಯುವವರಿಗೆ.

ಹೋದ ಫೆಬ್ರವರಿ ಅಣ್ಣನ ಮದುವೆಗೆ ಮೂವತ್ತು ವರ್ಷ.
ಹಳೆಯ ಕ್ಯಾಸೆಟ್ಟನ್ನು ಅವನ ಮಗ
ಪೆನ್‌ಡ್ರೈವಿಗೆ ಹಾಕಿಸಿ ತಂದ.
ಧಾರೆ ಆಯಿತು. ಊಟ ಆಯಿತು.
ಈಗ ಇಲ್ಲದ ಎಷ್ಟೋ ಜನ ಸಾಲಲ್ಲಿ ಕೂತು
ಪಾಯಸಕ್ಕೆ ಎಲೆಯ ಜಾಗ ಸರಿಮಾಡಿದರು.
ವಾರಿಜತ್ತಿಗೆ ಐಸ್‌ಕ್ರೀಮಿಗೆ ಬಾಯಿ ತೆರೆದ ಹಾಗೇ
ಚರಕ್ಕನೆ ಗೆರೆ.

ಓಡುತ್ತಿದ್ದಾಳೆ ಒಬ್ಬಳು,
ಬರಿಗಾಲಲ್ಲಿ, ಹಂಚಿನ ರಾಶಿಗಳ ನಡುವೆ.
ಹತ್ತೊಂಬತ್ತು ವರ್ಷ.
ಬೆರಳಲ್ಲಿ ಬೀಡಿ ಸೊಪ್ಪಿನ ಕರೆ.

"ಇವಳೆಂತ, ಅಡಗಿ ಕೂತರೆ ಆಗುದಿಲ್ವಾ?"
ಅಣ್ಣನ ಮೊಮ್ಮಗಳು ಕೇಳಿದಳು.
ಅತ್ತಿಗೆ ರಿಮೋಟು ಹುಡುಕುತ್ತಿದ್ದಳು.
ಯಾರಿಗೂ ಗುರುತು ಹತ್ತಲಿಲ್ಲ.
"ಇರಲಿ, ಸ್ವಲ್ಪ ಇರಲಿ" ಅಂದೆ.

ಹಾಳೆಯ ಮುಖ ಬಂತು. ಕತ್ತಿ ಎದ್ದಿತು.
ಮದ್ರಾಸಿನವಳ ಕಿರುಚು ನನ್ನ ಬಾಯಿಂದ ಹೊರಟು
ಬಾಯಿ ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಇತ್ತು.
ಬಿದ್ದೆ. ಕಣ್ಣು ತೆರೆದೇ ಉಂಟು.
ಹೊಟ್ಟೆ ಏರಿಳಿಯುತ್ತಲೇ ಉಂಟು.
ಎಡಗಿವಿಯ ಹತ್ತಿರ ಒಂದು ಇರುವೆ.

ಇಲ್ಲಿ ಸೋಫಾದ ಮೇಲೆ
ನನ್ನ ಕೈ ತನ್ನಷ್ಟಕ್ಕೆ ಎದ್ದು
ಕಿವಿಯ ಹಿಂದೆ ಉಜ್ಜಿತು.