ಹಳೆ ಗೋವೆ, ಮಧ್ಯಾಹ್ನ ಹನ್ನೆರಡು

ನೆಂಟರು ಬಂದಾಗಷ್ಟೇ ನಾವೂ ನೋಡುವ ಊರು ಇದು,
ಅಂದ ವಿಠು ಗಾಂವ್‌ಕರ,
ಕಾರಿನ ಬಾಗಿಲನ್ನು ಮೊಣಕಾಲಿನಿಂದ ದೂಡುತ್ತ.
ಕೈಯಲ್ಲಿ ಮೂರು ಕೋಕಂ ಸೋಡಾ,
ಮೂರೂ ಬೆವರುತ್ತಿದ್ದವು ನಮ್ಮ ಹಾಗೇ.

ದೊಡ್ಡ ಇಗರ್ಜಿಗೆ ಗೋಪುರ ಒಂದೇ.
ಜೋಡಿಯಿತ್ತು, ಸಿಡಿಲು ಬಡಿದು ಬಿತ್ತು, ಅಂದಳು ಎರ್ಮೆಲಿಂದಾ.
ಯಾವಾಗ? ಇನ್ನೂರು ವರ್ಷ ಅಂತ ಅವಳು,
ಮುನ್ನೂರಾದರೂ ಆಗಿರಬೇಕು ಅಂತ ಅವನು.
ನೂರು ವರ್ಷದ ಜಗಳ ಕೊಂಕಣಿಯಲ್ಲಿ ಶುರುವಾಗಿ
ಪಾರ್ಕಿಂಗ್ ಚೀಟಿ ಯಾರ ಹತ್ತಿರ ಇದೆ ಅನ್ನುವಲ್ಲಿಗೆ ಬಂತು.
ನಾನು ಸುಮ್ಮನೆ ಮೇಲೆ ನೋಡಿದೆ.
ಬಿದ್ದ ಗೋಪುರದ ಜಾಗದಲ್ಲಿ ಒಂದು ಹದ್ದು ತಿರುಗುತ್ತಿತ್ತು.

ಒಳಗೆ ಬಂಗಾರ. ಎಷ್ಟು ಅಂದರೆ
ಕಣ್ಣು ನಂಬುವುದನ್ನೇ ಬಿಟ್ಟುಬಿಡುತ್ತದೆ.
ಇದು ಪೋರ್ತುಗಲ್ಲಿನ ರೀತಿ, ಅದು ಇಟಲಿಯದು,
ಕೆತ್ತಿದ ಕೈ ಮಾತ್ರ ಇಲ್ಲಿಯದೇ, ನೋಡು ಆ ದೇವದೂತನ ಗಲ್ಲ,
ನಮ್ಮ ದಿವಾರದ ಹುಡುಗರ ಹಾಗೆ ಉಬ್ಬಿಲ್ಲವೇ,
ಅನ್ನುತ್ತಿದ್ದವಳು ಅರ್ಧ ಮಾತಿಗೆ ನಿಂತಳು.
ಮಂಡಿಯೂರಿದಳು.
ಒಂದು ಚಪ್ಪಲಿಯ ಪಟ್ಟಿ ಸಡಿಲವಾಗಿತ್ತು, ಹಿಮ್ಮಡಿ ಬಿರಿದಿತ್ತು.
ವಿಠು ಟೋಪಿ ತೆಗೆದು ಎದೆಗೆ ಹಿಡಿದ.
ಫೋಟೊಕ್ಕೆಂದು ಎತ್ತಿದ ಫೋನು
ನನ್ನ ಕೈಯಲ್ಲಿ ಒಜ್ಜೆಯಾಯಿತು.
ಹೋದ ಆಷಾಢದಲ್ಲಿ ಅವಳ ತಮ್ಮ ಹಡಗಿನಿಂದ ಮರಳಲಿಲ್ಲ.
ಊರು ನೋಡುವ ಗದ್ದಲದಲ್ಲಿ ನಾನದನ್ನು ಮರೆತಿದ್ದೆ,
ತೋರಿಸುವ ಗದ್ದಲದಲ್ಲಿ
ಅವಳೂ ಮರೆತಿದ್ದಾಳೆ ಅಂದುಕೊಂಡಿದ್ದೆ.

ಹೊರಗೆ ಬಂದು ಅವಳೇ ಅಂದಳು:
ಬಾ, ಈಗ ನಿನ್ನ ಊರು ತೋರಿಸುತ್ತೇನೆ.

ಹುಲ್ಲಿನ ನಡುವೆ ಆರು ಮೆಟ್ಟಿಲು, ಮೇಲೊಂದು ಚೌಕಟ್ಟು.
ಸುಲ್ತಾನನ ಅರಮನೆಯಲ್ಲಿ ಉಳಿದದ್ದು ಇಷ್ಟೇ,
ಮಿಕ್ಕ ಕಲ್ಲು ಯಾರ ಗೋಡೆ ಸೇರಿತೋ.
ಊರೆಲ್ಲ ಕೆಂಪು ಜಂಬಿಟ್ಟಿಗೆ, ಇದೊಂದು ಕರಿ.
ವಿಜಾಪುರದಲ್ಲಿ ನಮ್ಮವ್ವ ಬಟ್ಟೆ ಒಗೆಯುತ್ತಿದ್ದ ಬಂಡೆಯ ಕರಿ,
ಶಾಲೆ ಬಿಟ್ಟ ಹೊತ್ತಿಗೆ ಅಂಗಾಲು ಸುಡುತ್ತಿದ್ದ ಕರಿ.
ಅಂಗೈ ಇಟ್ಟೆ.
ಯಾಕ ಇಷ್ಟು ದೂರ ಬಂದಿ, ಅಂದೆ ಬಾಯಿಬಿಟ್ಟೇ,
ಕಲ್ಲಿಗೋ, ನನಗೋ.

ಬಾಗಿಲಿನ ಈ ಕಡೆ ಹುಲ್ಲು, ಆ ಕಡೆಯೂ ಅದೇ ಹುಲ್ಲು,
ಯಾರೋ ತಿಂದು ಬಿಸಾಡಿದ ಶೇಂಗಾ ಪೊಟ್ಟಣ.
ವಿಠು ಪಕ್ಕದಿಂದಲೇ ಸುತ್ತಿ ಆಚೆ ಹೋದ,
ಮೆಟ್ಟಿಲು ಯಾಕೆ ಸುಮ್ಮನೆ ಅಂತ.
ನಾನು ಹತ್ತಿದೆ.
ಹೊಸ್ತಿಲಲ್ಲಿ ಯಾವ ಕಾಲು ಮೊದಲು ಅಂತ ತಡವರಿಸುವಾಗ
ಆಚೆ ಬಿಸಿಲಲ್ಲಿ ತಲೆಗೆ ಕರವಸ್ತ್ರ ಹೊದ್ದು ನಿಂತ ಎರ್ಮೆಲಿಂದಾ
ಮನೆಯೊಡತಿಯ ಹಾಗೆ ಕರೆದಳು:
ಯೋ ಗೋ, ಭಿತರ್ ಯೋ.

ಒಳಗೆ ಹೋದೆ.
ಚಪ್ಪಲಿ ಕೆಳಗೇ ಬಿಟ್ಟು ಬಂದಿದ್ದೇನೆಂದು
ಅಂಗಾಲು ಹೇಳಿತು.