ಖಾಲಿ ಹೊಟ್ಟೆಯಲ್ಲಿ ಕೊಟ್ಟ ಹೇಳಿಕೆ

ಪಾಂಡೇಶ್ವರದ ಪೊಲೀಸ್ ಸಭಾಭವನ, ಬೆಳಗ್ಗೆ ಏಳೂಮುಕ್ಕಾಲು.
ಮದುವೆಯ ಕುರ್ಚಿಗಳ ಮೇಲೆ ಖಾಕಿ ಸಾಲು,
ಭುಜಕ್ಕೇರಿಸಿದ ತೋಳು.
ಕಿಟಕಿಯಿಂದ ಬಂದರಿನ ಒಣಮೀನಿನ ಗಾಳಿ.
ಯಾರ ಹೊಟ್ಟೆಯೋ ಗುರುಗುಟ್ಟಿತು,
ಯಾರೂ ಒಪ್ಪಿಕೊಳ್ಳಲಿಲ್ಲ.

"ಉಪವಾಸ ಉಂಟಾ ಸರ್?"
ನರ್ಸಿಂಗ್ ಓದುವ ಹುಡುಗಿ, ಎದೆಯ ಮೇಲೆ ಹೆಸರು: ಜೆಸಿಂತಾ.
ಉಂಟು. ನಿನ್ನೆ ಸಂಜೆ ಆರರಿಂದ.
ಡಾಕ್ಟರು ಹೇಳಿದ್ದಕ್ಕಲ್ಲ ಮಗಳೇ,
ಕೂಳೂರು ಸೇತುವೆಯಲ್ಲಿ ಟ್ಯಾಂಕರ್ ಅಡ್ಡ ಬಿದ್ದಿತ್ತು,
ಠಾಣೆಯಲ್ಲಿ ಜನ ಇಲ್ಲದೆ ರೈಟರನ್ನೂ ರಸ್ತೆಗಿಳಿಸಿದರು,
ಬುತ್ತಿ ಜೀಪಿನಲ್ಲೇ ಹಳಸಿತು.

ಇಪ್ಪತ್ತಾರು ವರ್ಷ ನಾನು, ಸೇಸಪ್ಪ,
ಕೇಳಿದವನು, ಬರೆದುಕೊಂಡವನು:
ಹೆಸರು, ತಂದೆಯ ಹೆಸರು, ಪ್ರಾಯ, ಕಸುಬು,
ಘಟನೆಯ ಹೊತ್ತಿಗೆ ನೀನೆಲ್ಲಿದ್ದಿ.
ಇವತ್ತು ಕಾಗದ ಮೇಜಿನ ಆಚೆ ಬದಿಯಲ್ಲಿ.

ಬೀಡಿ, ಸಿಗರೇಟು?
ಇಲ್ಲ.
ಮದ್ಯ?
ಮದುವೆಗಿದುವೆಗೆ, ಸ್ವಲ್ಪ.
ಮದುವೆಗಳೆಷ್ಟು ಎಂದು ಅವಳು ಕೇಳಲಿಲ್ಲ.
ನಿದ್ದೆ?
ಉಂಟು, ತುಂಡು ತುಂಡು.
ವ್ಯಾಯಾಮ?
ನಾನು ಬಾಯಿ ತೆರೆಯುವ ಮೊದಲೇ
ಹಿಂದೆ ನಿಂತ ಪಿಸಿ ಮುದಕಪ್ಪ, ಬಾದಾಮಿ ಕಡೆಯವ,
"ಶುಕ್ರವಾರ ಪರೇಡ್ ಐತ್ರಿ ಮೇಡಂ" ಎಂದ.
ಸಾಲಿಗೆ ಸಾಲೇ ನಕ್ಕಿತು.

ಟೇಪು ಸೊಂಟ ಸುತ್ತಿತು. ನೂರಾ ಎಂಟು.
ಬೆಲ್ಟಿನಲ್ಲಿ ಎರಡು ತೂತು ಸರ್ಕಾರದ್ದಲ್ಲ,
ಹಂಪನಕಟ್ಟೆಯಲ್ಲಿ ಚಪ್ಪಲಿ ಹೊಲಿಯುವವ ಹೊಡೆದದ್ದು.
ಒಂದು ಚುನಾವಣೆಯ ವರ್ಷದ್ದು,
ಇನ್ನೊಂದು ಕರ್ಫ್ಯೂ ಹಾಕಿದ ವರ್ಷದ್ದು:
ಬಂದೋಬಸ್ತಿನ ಗೋಳಿಬಜೆ, ಮೂರು ಚಮಚ ಸಕ್ಕರೆಯ ಚಹಾ,
ರಾತ್ರಿ ಒಂದಕ್ಕೆ ಯಾರೋ ತಂದುಕೊಟ್ಟ ತಣ್ಣಗಿನ ಬಿರಿಯಾನಿ.

ಬಿಪಿ ಪಟ್ಟಿ ತೋಳು ಹಿಡಿಯಿತು,
ಕೋಳ ಹಾಕುವ ಮೊದಲು ನಾವು ಹಿಡಿಯುವ ಹಾಗೆ.
ಅವಳು ಅಂಕಿ ನೋಡಿದಳು, ನನ್ನನ್ನು ನೋಡಿದಳು,
ಮತ್ತೊಮ್ಮೆ ಗಾಳಿ ತುಂಬಿದಳು.

"ಎದೆಯಲ್ಲಿ ಎಂತಾದರೂ ತೊಂದರೆ?"
ಇಲ್ಲ, ಎಂದೆ.
ಎನ್ನುವ ಮೊದಲು ಒಂದು ಉಸಿರು ತಡೆದೆ.
ಆ ತಡೆ ನನಗೆ ಗೊತ್ತು.
ಎಷ್ಟೋ ಜನರ ಬಾಯಲ್ಲಿ ಅದನ್ನು ಕಂಡಿದ್ದೇನೆ,
ಕಂಡಾಗೆಲ್ಲ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಿದ್ದೇನೆ,
ಉಳಿದದ್ದು ತಾನಾಗಿ ಬರಲಿ ಎಂದು.
ಹುಡುಗಿಯೂ ಪೆನ್ನು ಕೆಳಗಿಟ್ಟಳು.
ಯಾರು ಕಲಿಸಿದರೋ.

ವಿನ್ಸಿ ಸಲ್ಡಾನ. ಹೆಡ್ ಕಾನ್‌ಸ್ಟೆಬಲ್. ನಲವತ್ತೇಳು.
"ಗ್ಯಾಸ್ ಮಾರಾಯ" ಎಂದು ಶುಂಠಿ ಸೋಡಾ ಕುಡಿದು
ಗಾರ್ಡ್ ರೂಮಿನ ಬೆಂಚಿನಲ್ಲಿ ಅಡ್ಡಾದವ.
ಮಹಜರು ಬರೆದವ ನಾನೇ:
ಎಡಗಿಸೆಯಲ್ಲಿ ಬಸ್ಸಿನ ಟಿಕೆಟು ಒಂದು, ಜಪಸರ ಒಂದು,
ಮೇಲ್ಗಿಸೆಯಲ್ಲಿ ಗ್ಯಾಸಿನ ಮಾತ್ರೆ, ಎರಡು ಖಾಲಿ, ಎಂಟು ಬಾಕಿ.
ಮತ್ತೆ ಇಂಥದೇ ಶಿಬಿರದ ಚೀಟಿ, ನಾಲ್ಕಾಗಿ ಮಡಚಿದ್ದು,
ಹೃದಯದ ಡಾಕ್ಟರಿಗೆ ತೋರಿಸಿ ಎಂದು ಕೆಂಪು ಶಾಯಿಯಲ್ಲಿ.
ಅದನ್ನು ಓದಿದೆ. ಓದಿ,
"ಚೀಟಿ ಒಂದು" ಎಂದಷ್ಟೇ ಬರೆದೆ.

"ಮಗಳೇ, ಹೇಳಿಕೆ ತಿದ್ದಬೇಕು.
ಮೆಟ್ಟಿಲು ಹತ್ತುವಾಗ ಉಂಟು. ಎಡಗೈಯವರೆಗೆ.
ಮಳೆಗಾಲ ಸುರುವಾದಲ್ಲಿಂದ."
ಹಿಂದೆ ಮುದಕಪ್ಪನ ನಗು ನಿಂತಿತು.

ಅವಳು ಇಂಗ್ಲಿಷಿನಲ್ಲಿ ಬರೆದಳು, ನಾನು ತಲೆಕೆಳಗಾಗಿ ಓದಿದೆ.
"ಓದಿ ಹೇಳು" ಎಂದೆ, ಅಭ್ಯಾಸಬಲ.
ಓದಿದಳು. ಸರಿ ಇತ್ತು.
ಫೋನ್ ನಂಬರ್ ಕೇಳಿದಾಗ ಬಾಯಿಗೆ ಬಂದದ್ದು ಠಾಣೆಯದು.
"ಮನೆಯವರದ್ದು ಕೊಡಿ ಸರ್."
ಎಂಟು ಅಂಕಿ ಹೇಳಿ ನಿಂತೆ.
ಕೊನೆಯ ಎರಡನ್ನು ಮುದಕಪ್ಪ ಹೇಳಿದ.
ಸಾಹೇಬ್ರು ಬರೂದು ತಡಾ ಆಕ್ಕೈತ್ರಿ ಎಂದು
ದಿನಾ ಫೋನ್ ಮಾಡುವವ ಅವನೇ.