ಚಕ್ಕುಬಂದಿ

ಮಂಜೇಶ್ವರದ ರಿಜಿಸ್ಟ್ರಾರ್ ಕಚೇರಿಯೆದುರು
ತಗಡು ಮಾಡಿನಡಿ ಇಪ್ಪತ್ತಾರು ವರ್ಷ ಒಂದೇ ಮೇಜು.
ನಾನು ಆಧಾರ ಬರೆಯುವವಳು.
ಕಾರ್ಡಿನ ಆಧಾರ ಅಲ್ಲ ಮಾರಾಯ್ರೇ, ಜಾಗದ್ದು.

ಅಜ್ಜಂದಿರ ಕಾಲದ ಕನ್ನಡ ಕ್ರಯಚೀಟು ಬಿಚ್ಚಿ
ಮೂಡು ತೆಂಕು ಪಡು ಬಡಗನ್ನು
ಕಿಳಕ್ಕ್ ತೆಕ್ಕ್ ಪಡಿಞಾರ್ ವಡಕ್ಕ್ ಮಾಡಿ ಕೊಡುವುದು.
ಮೂಡಿಗೆ ತೋಡು, ತೆಂಕಿಗೆ ಅಂದುಂಞಿಯವರ ಗದ್ದೆಪುಣಿ,
ಪಡುವಿಗೆ ರೈಲು ಹಳಿ, ಬಡಗಿಗೆ
ಯಾವಾಗಲೂ ಒಂದು ಜಗಳ.

ಊಟ? ಎರಡು ದಸ್ತಾವೇಜಿನ ನಡುವೆ ಸಿಕ್ಕಿದ್ದು.
ಮೊಯ್ದುವಿನ ಹೋಟೆಲಿನ ಪರೋಟ, ಹಾಲಿಲ್ಲದ ಚಾಯ,
ಉರಿ ಬಂದರೆ ಡ್ರಾವರಿನಲ್ಲಿ, ಸೀಲು ಪ್ಯಾಡಿನ ಪಕ್ಕ,
ಗುಲಾಬಿ ಬಣ್ಣದ ಔಷಧಿ.
ಅವಸರದಲ್ಲಿ ಅದೇ ಚಮಚದಿಂದ
ಅಂಟು ತೆಗೆದದ್ದೂ ಉಂಟು.

ಮೀನ ತಿಂಗಳಲ್ಲಿ ವಸಡು ಬಾತಿತು.
ಉಪ್ಪಳದಲ್ಲಿ ಏಳು ದಿನದ ಕ್ಯಾಪ್ಸೂಲು ಕೊಟ್ಟರು,
ಮತ್ತೆ ಐದು ದಿನದ್ದು, ಇನ್ನೂ ದೊಡ್ಡದು.
ಹಲ್ಲು ತೆಪ್ಪಗಾಯಿತು.
ಹೊಟ್ಟೆ ಎದ್ದು ಕೂತಿತು.

ಮೂರು ವಾರ ನೀರು, ಗಾಳಿ, ಮುರಿತ.
ಅದನ್ನಾದರೂ ಹೇಳಬಹುದು. ಹೇಳಲಾಗದ್ದು ಬೇರೆ:
ಬೆಳಿಗ್ಗೆ ಎದ್ದರೆ ಎದೆಯ ಮೇಲೆ ಹಸಿ ಗೋಣಿ ಹಾಸಿದ ಹಾಗೆ.
ಪೆನ್ನಿನ ಮುಚ್ಚಳ ಕಾಣಲಿಲ್ಲವೆಂದು ಅತ್ತುಬಿಟ್ಟೆ.
ಒಂದು ಸೋಮವಾರ ಮೂಡನ್ನು ಪಡು ಎಂದು ಬರೆದೆ;
ಬಾಡೂರಿನ ಲೋಲಾಕ್ಷಿಯ ಬಾವಿ
ಹಗ್ಗ ಕೊಡಪಾನ ಸಮೇತ
ಭಾವನ ಪಾಲಿಗೆ ಹೋಯಿತು.

ಕುಂಬಳೆಯ ಡಾಕ್ಟರ್ ರಂಸೀನಳಿಗೆ ನನ್ನ ಮಗಳ ಪ್ರಾಯ.
ಹೊಟ್ಟೆ ಒತ್ತಿ ನೋಡಿ ಮೊದಲು ಕೇಳಿದ್ದು,
ನಿದ್ದೆ ಹೇಗೆ, ಬೇಸರ ಉಂಟಾ?
ಹೊಟ್ಟೆನೋವಿಗೆ ಬಂದವಳ ಹತ್ತಿರ ಬೇಸರದ ಲೆಕ್ಕ!
ಅವಳ ಮಲಯಾಳ, ಅಭ್ಯಾಸಬಲ ನೋಡಿ,
ನನ್ನ ಕಿವಿಯಲ್ಲಿ ದಸ್ತಾವೇಜಿನ ಕನ್ನಡವಾಗುತ್ತ ಹೋಯಿತು.
ಕರುಳಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು, ಎಂದಳು.
ಮೂಲಗೇಣಿ ಒಕ್ಕಲು, ಎಂದು ಬರೆದುಕೊಂಡಿತು ತಲೆ.
ಮಾತ್ರೆ ಕೆಟ್ಟವರ ಜತೆ ಒಳ್ಳೆಯವರನ್ನೂ ತೆಗೆದಿರಬೇಕು.
ಒಕ್ಕಲೆಬ್ಬಿಸಿದ್ದು. ನೋಟೀಸಿಲ್ಲದೆ.
ಹೊಟ್ಟೆಯಿಂದ ತಲೆಗೆ ನರದ ದಾರಿಯೊಂದು ಉಂಟು ಎಂದಾಗ
ನಾನೇ ಬಾಯಿಬಿಟ್ಟು ಹೇಳಿದೆ: ಮಾಮೂಲು ನಡೆದಾಡುವ ಹಕ್ಕು,
ಯಾರೂ ಬೇಲಿ ಹಾಕುವಂತಿಲ್ಲ.
ಅವಳಿಗೆ ಅರ್ಥವಾಗಲಿಲ್ಲ, ನಕ್ಕಳು.
ಹುಳಿ ಬಂದದ್ದು ತಿನ್ನಿ, ನಾರಿರುವುದು ತಿನ್ನಿ, ಕೂತು ತಿನ್ನಿ.
ಕಡೆಯದನ್ನು ಎರಡು ಸಲ ಹೇಳಿದಳು.

ಮಣ್ಣಿನ ಅಳಗೆ ತಂದೆ.
ಕುಚ್ಚಲಕ್ಕಿ ಅನ್ನಕ್ಕೆ ರಾತ್ರಿ ನೀರು ಹೊಯ್ದು ಮುಚ್ಚಿಟ್ಟರೆ
ಬೆಳಿಗ್ಗೆ ತಂಗಳನ್ನ. ತುಳುವಿನಲ್ಲಿ ತಞಣ,
ಮೊಯ್ದುವಿನ ಮನೆಯಲ್ಲಿ ಪಳಂಗಂಜಿ.
ಮೂರು ಹೆಸರು, ಒಂದೇ ಹುಳಿ;
ಇದರಲ್ಲಿ ನನಗೆ ಪುಟದ ಲೆಕ್ಕದ ಸಂಬಳವಿಲ್ಲ.
ಬಡತನದ ವಾಸನೆಯೆಂದು ಇದನ್ನು
ಲೈಸೆನ್ಸು ಸಿಕ್ಕಿದ ವರ್ಷವೇ
ಮನೆಯಿಂದ ಎಬ್ಬಿಸಿದ್ದು ನಾನೇ.
ಆಗಲೂ ನೋಟೀಸು ಕೊಟ್ಟಿರಲಿಲ್ಲ.

ಮೊದಲ ದಿನ ಉಪ್ಪು ಮರೆತೆ.
ಎರಡನೇ ದಿನ ಸೆಕೆಗೆ ವಿಪರೀತ ಹುಳಿಯಾಗಿ
ತೆಂಗಿನ ಬುಡಕ್ಕೆ ಹೋಯಿತು.
ಹೋದವರು ಹಾಗೆಲ್ಲ ಕೂಡಲೇ ಬರುವುದಿಲ್ಲ.
ಕೆಲವರು ಬಂದು ಗೇಟಿನ ಹೊರಗೆ ನಿಂತು
ಈ ಹೆಂಗಸನ್ನು ನಂಬಬಹುದಾ ಎಂದು
ನೋಡಿ ಹೋಗುತ್ತಿದ್ದರೋ ಏನೋ.
ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ
ಎದೆಯ ಮೇಲೆ ಗೋಣಿ ಇರಲಿಲ್ಲ.
ಮಧ್ಯಾಹ್ನದವರೆಗೆ ಅದು ಗಮನಕ್ಕೂ ಬರಲಿಲ್ಲ.

ಇವತ್ತು ಲೋಲಾಕ್ಷಿಯ ತಿದ್ದುಪಡಿ ಆಧಾರ.
ಛಾಪಾ ಕಾಗದದ ಖರ್ಚು ನನ್ನದು.
ಭಾವ ಸಹಿ ಹಾಕಲು ಬಂದವನು
ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತಿದ್ದಾನೆ.
ನಾನು ಸಾಹೇಬರೆದುರು ಗಟ್ಟಿಯಾಗಿ:
ಮೂಡಿಗೆ ಕಲ್ಲು ಕಟ್ಟಿದ ಬಾವಿ, ಅದರ ನೀರು,
ನೀರು ಸೇದುವ ಹಕ್ಕು...
ಆಗ ಒಳಗಿನಿಂದ, ಇಡೀ ಕಚೇರಿಗೆ ಕೇಳುವಂತೆ,
ಗುಳುಗುಳು.

"ಆರಾ ಅದ್?" ಸಾಹೇಬರು ತಲೆಯೆತ್ತಿದರು.
"ಒಕ್ಕಲು, ಸಾರ್," ಎಂದೆ
ಮುಂದಿನ ಗೆರೆಗೆ ಬೆರಳಿಟ್ಟು.